ಪದ್ದಿಯ ಕುರ್ಚಿ, ಅವ್ವನ ಕಂಬಳಿ

ಕಾರಿನ ಹಿಂದಿನ ಸೀಟನ್ನು ಕಿತ್ತು ತಂದು ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟರೆ ಸಾಕು, ಆ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಯಾರು ಕಿಟಕಿ ಪಕ್ಕದ ಜಾಗಕ್ಕೆ ಜಗಳ ತೆಗೆಯುತ್ತಾರೆ ಎಂದು ನಾನು ಹೇಳಿಬಿಡುತ್ತಿದ್ದೆ. ಇದು ಜಂಬದ ಮಾತಲ್ಲ. ಒಂದು ಆಯಸ್ಸು ಬರೀ ಸೀಟುಗಳನ್ನೇ ನೋಡಿದವನಿಗೆ ಅಷ್ಟೂ ತಿಳಿಯದಿದ್ದರೆ ಅವನು ದಬ್ಬಳ ಹಿಡಿದದ್ದೇ ದಂಡ. ದೊಡ್ಡವರು ಕೂತರೆ ಸೀಟು ನಡುವೆ ತಗ್ಗುತ್ತದೆ, ಅಷ್ಟೇ. ಮಕ್ಕಳು ಕೂತರೆ ಅಂಚು ಹರಿಯುತ್ತದೆ, ಹೊಲಿಗೆ ಬಿಚ್ಚುತ್ತದೆ, ಮುಂದಿನ ಸೀಟಿನ ಬೆನ್ನಿಗೆ ಚಪ್ಪಲಿಯ ಗುರುತು ಬೀಳುತ್ತದೆ. ಸಂದಿಯೊಳಗೆ ಕೈ ಹಾಕಿದರೆ ಹುಣಸೆ ಬೀಜ, ಕಡಲೆಕಾಯಿ ಸಿಪ್ಪೆ, ಗೋಲಿ, ಬಳಪದ ಚೂರು ಸಿಗುತ್ತವೆ. ಒಂದು ಸಲ ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು ಸಿಕ್ಕಿತ್ತು. ಅದನ್ನು ಇದ್ದ ಹಾಗೇ ವಾಪಸ್ ಇಟ್ಟು ಹೊಲಿದೆ. ಯಾರದೋ ಗುಟ್ಟು, ನನಗೇಕೆ?

ಈಗ ದಬ್ಬಳದ ಕಣ್ಣು ನನ್ನ ಕಣ್ಣಿಗೆ ಕಾಣುವುದಿಲ್ಲ. ಮಧುಗಿರಿಯ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಬಂದು ಸಲಹೆ ಕೇಳುತ್ತಾರೆ. ಇತ್ತೀಚೆಗೆ ಅವರದು ಒಂದೇ ಗೋಳು. ಜನ ಕಾರಿನಲ್ಲಿ ಮಕ್ಕಳಿಗೆಂದೇ ಬೇರೆ ಸೀಟು ತಂದು ಕಟ್ಟಿಸಿಕೊಳ್ಳುತ್ತಾರೆ, ಆರು ತಿಂಗಳಾಗುವಷ್ಟರಲ್ಲಿ ಕಾರಿನ ಸೀಟು ಗುಳಿ ಬಿದ್ದು, ಉಜ್ಜಿ, ಬಣ್ಣ ಕೆಟ್ಟು ಬರುತ್ತದೆ, ಇದಕ್ಕೇನು ಮದ್ದು ಎಂದು. ಅವರಿಗೆ ಇದು ಹೊಸ ಕಾಯಿಲೆ. ನಾನು ಎಪ್ಪತ್ತರ ದಶಕದ ಕೊನೆಯಲ್ಲೇ ಇದನ್ನು ಕಂಡು, ಎರಡು ಸಲ ಮುಖಕ್ಕೆ ಮಸಿ ಬಳಿದುಕೊಂಡು, ಮೂರನೇ ಸಲ ಗೆದ್ದವನು. ಅದನ್ನೇ ಬರೆಯುತ್ತೇನೆ. ಆದರೆ ನಾನು ಎಲ್ಲಿಂದ ಬಂದವನೆಂದು ಮೊದಲು ಹೇಳದಿದ್ದರೆ ನನ್ನ ತಪ್ಪಿನ ರುಚಿ ನಿಮಗೆ ಹತ್ತುವುದಿಲ್ಲ.

ಶಿರಾಕ್ಕೆ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಕುರಿ ಕಾಯುತ್ತಿದ್ದ, ಅವ್ವ ಉಣ್ಣೆ ನೂಲುತ್ತಿದ್ದಳು, ಚಿಕ್ಕಪ್ಪ ಗುಣಿಮಗ್ಗದಲ್ಲಿ ಕಾಲಿಳಿಬಿಟ್ಟುಕೊಂಡು ಕಂಬಳಿ ನೇಯುತ್ತಿದ್ದ. ಮನೆಯ ತುಂಬ ಉಣ್ಣೆ, ಅನ್ನದಲ್ಲೂ ಒಂದೊಂದು ಎಳೆ. ನನಗೆ ಅದೆಲ್ಲ ನಾಚಿಕೆಯಾಗಿತ್ತು. ಸ್ಕೂಲಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡದ್ದು ನೆನಪಿದ್ದರೆ ಯಾರಿಗೆ ತಾನೇ ಆಗದು? ಹಾಗಾಗಿ ಶಿರಾದಲ್ಲಿ ಕಾರು ಬಸ್ಸುಗಳ ಸೀಟು ಹೊಲಿಯುವ ಉಸ್ತಾದರ ಹತ್ತಿರ ಕೆಲಸಕ್ಕೆ ಸೇರುವಾಗ, ನಮ್ಮದು ದರ್ಜಿಗಳ ಮನೆ ಎಂದು ಸುಳ್ಳು ಹೇಳಿದೆ.

ಉಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಮ್ಮೆ ಉಸಿರೆಳೆದುಕೊಂಡರು. "ಅರೇ ಬೇಟಾ, ದರ್ಜಿ ಮನೇಲಿ ಕುರಿ ವಾಸನೆ ಹೆಂಗೆ ಬಂತು? ಪ್ಯಾಂಟಿನ ಬಟ್ಟೆ ಬದ್ಲು ಕುರಿಗೇ ಅಳತೆ ತಗೋತಾರಾ ನಿಮ್ಮಪ್ಪ?"

ಅವರು ನಕ್ಕು, ನೂಲುಂಡೆ ಕೈಗೆ ಕೊಟ್ಟು ಕೂರಿಸಿಕೊಂಡರು. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ದೊಡ್ಡ ಮನುಷ್ಯ.

ಆಗ ಸೀಟಿನೊಳಗೆ ಇರುತ್ತಿದ್ದುದು ಸ್ಪ್ರಿಂಗು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ತೆಂಗಿನ ನಾರು, ನಾರಿನ ಮೇಲೆ ಹತ್ತಿ, ಎಲ್ಲಕ್ಕಿಂತ ಮೇಲೆ ರೆಕ್ಸಿನ್. ನಾರನ್ನು ಕೈಯಲ್ಲೇ ಬಿಡಿಸಿ ಹರಡಬೇಕು. ಒಂದು ಮುಷ್ಟಿ ಹೆಚ್ಚಾದರೆ ಕೂತವನ ಬೆನ್ನು ನೋಯುತ್ತದೆ, ಒಂದು ಮುಷ್ಟಿ ಕಡಿಮೆಯಾದರೆ ಸ್ಪ್ರಿಂಗು ಚುಚ್ಚುತ್ತದೆ. ಉಸ್ತಾದರು ತಾವು ಹೊಲಿದ ಸೀಟಿನ ಮೇಲೆ ತಾವೇ ಅರ್ಧ ಗಂಟೆ ಕೂತು, ಒಂದು ಚಹಾ ಕುಡಿದು ಮುಗಿಸಿದ ಮೇಲೇ ಗಿರಾಕಿಗೆ ಹೇಳಿ ಕಳಿಸುವರು.

ನನಗೆ ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ ಶಿರಾದಿಂದ ಕೊರಟಗೆರೆ ಮೇಲೆ ಹೊಳವನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಸೀಟು. ಹೊಳೆಯುವ ರೆಕ್ಸಿನ್ ಹಾಕಿದೆ. ಡ್ರೈವರ್‌ಗೆ ಸುಖವಾಗಿರಲಿ ಎಂದು ಹಿಂದುಗಡೆ ಎರಡು ಮುಷ್ಟಿ ನಾರು ಜಾಸ್ತಿ ತುಂಬಿದೆ. ನೋಡಲು ಮದುವೆ ಮಂಟಪದ ಕುರ್ಚಿ. ಮಾರನೇ ದಿನವೇ ಡ್ರೈವರ್ ಬಸ್ಸನ್ನು ಜನರ ಸಮೇತ ಅಂಗಡಿಯ ಮುಂದೆ ನಿಲ್ಲಿಸಿ ಇಳಿದು ಬಂದ.

"ಏನಪ್ಪಾ, ಸೀಟು ಹೊಲ್ದಿದ್ದೀಯೋ ಜಾರುಬಂಡೆ ಹೊಲ್ದಿದ್ದೀಯೋ? ಬ್ರೇಕ್ ಒತ್ತಿದ್ ಕೂಡ್ಲೆ ಸ್ಟೇರಿಂಗ್ ಅಡಿಗೆ ಹೋಗ್ಬುಡ್ತೀನಲ್ಲ! ಹೊಳವನಹಳ್ಳಿ ಸ್ಟಾಪಲ್ಲಿ ಜನ ಕೈ ಅಡ್ಡ ಹಾಕ್ದೋರು ಡ್ರೈವರೇ ಇಲ್ದೆ ಬಸ್ ಬಂತಲ್ಲಾ ಅಂತ ಓಡೋಗ್ಬುಟ್ರು."

ಉಸ್ತಾದರು ಬೈಯಲಿಲ್ಲ. ಆ ಸೀಟನ್ನು ಕೈಗಾಡಿಯ ಮೇಲೆ ಇಟ್ಟು, ಅದರ ಮೇಲೆ ನನ್ನನ್ನು ಕೂರಿಸಿ, ತಾವೇ ಗಾಡಿ ಎಳೆದುಕೊಂಡು ಪೇಟೆಯಲ್ಲಿ ಓಡಿದರು. ನಾಲ್ಕು ಮಾರಿಗೊಮ್ಮೆ ಗಕ್ಕನೆ ನಿಲ್ಲಿಸುವರು. ಮೂರು ಸಲ ಮಣ್ಣು ಮುಕ್ಕಿದೆ. ಪೇಟೆಗೆ ಪೇಟೆಯೇ ನಕ್ಕಿತು, ಕೊನೆಗೆ ನನಗೂ ನಗು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ಸೀಟಿನ ಗುಣ ನೋಡಬಾರದು, ಓಡುವಾಗ ನೋಡಬೇಕೆಂದು ಅವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ.

ಕೆಲವು ವರ್ಷಗಳ ಮೇಲೆ ಉಸ್ತಾದರೇ ಬೆನ್ನು ತಟ್ಟಿ ಕಳಿಸಿದರು. ಮಧುಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಹಾಕಿದೆ. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ನಮ್ಮ ಮೇಲೆ ಬಿಸಿ ಕಾರುತ್ತಿತ್ತು. ಪಕ್ಕದಲ್ಲೇ ಟೀ ಅಂಗಡಿ, ಎದುರಿಗೆ ಬಾಡಿಗೆ ಕಾರುಗಳು. ಆ ಡ್ರೈವರ್‌ಗಳಿಗೆ ಕಳ್ಳರ ಭಯಕ್ಕಿಂತ ಮಕ್ಕಳ ಭಯ ಹೆಚ್ಚು. ಮದುವೆ ದಿಬ್ಬಣ ಹತ್ತಿಸಿಕೊಳ್ಳುವಾಗ ಮೊದಲು ಮಕ್ಕಳ ಕೈ ನೋಡುವರು, ಬೆಲ್ಲ ಬಾಳೆಹಣ್ಣು ಇದ್ದರೆ ತಿಂದು ಮುಗಿಸಿಯೇ ಹತ್ತಬೇಕು. ಒಬ್ಬ ಮಹರಾಯ ಹೊಸ ಸೀಟಿಗೆ ಬಂದ ಪ್ಲಾಸ್ಟಿಕ್ ಹೊದಿಕೆಯನ್ನು ಎರಡು ವರ್ಷ ತೆಗೆದೇ ಇರಲಿಲ್ಲ. ಬೇಸಿಗೆಯಲ್ಲಿ ಕೂತವರ ಪಂಚೆ ಬೆವರಿಗೆ ಅಂಟಿಕೊಂಡು, ಅವರು ಇಳಿದರೂ ಪಂಚೆ ಇಳಿಯುತ್ತಿರಲಿಲ್ಲ. ಕೊನೆಗೊಂದು ದಿನ ಆ ಪ್ಲಾಸ್ಟಿಕ್ ತೆಗೆಸಲು ನನ್ನ ಹತ್ತಿರ ಬಂದ. ತೆಗೆದರೆ ಒಳಗಿನ ರೆಕ್ಸಿನ್ ಬೆವೆತು, ಬೂಷ್ಟು ಹಿಡಿದು ಹಾಳಾಗಿತ್ತು. ಮಕ್ಕಳಿಂದ ಉಳಿಸಲು ಹೋಗಿ ತಾನೇ ಕೊಂದಿದ್ದ.

ಅವನನ್ನು ನೋಡಿ ಹೊಟ್ಟೆ ತುಂಬ ನಕ್ಕಿದ್ದೆ. ನಕ್ಕಿದ್ದಕ್ಕೆ ದೇವರು ನನ್ನ ಬಾಗಿಲಿಗೇ ಅಂಜಿನಪ್ಪನನ್ನು ಕಳಿಸಿದ.

ಅಂಜಿನಪ್ಪ ಪಾವಗಡದ ಕಡಲೆಕಾಯಿ ಮಿಲ್ಲಿನ ಸಾಹುಕಾರರ ಕಾರು ಓಡಿಸುತ್ತಿದ್ದ. ಊರು ಕ್ಯಾತಗಾನಚೆರ್ಲು. ಅವನಿಗೆ ಒಬ್ಬಳೇ ಮಗಳು, ಪದ್ಮ, ನಾಲ್ಕು ವರ್ಷ. ಎಲ್ಲರೂ ಪದ್ದಿ ಎನ್ನುತ್ತಿದ್ದರು. ಪೋಲಿಯೋ ಬಂದು ಎರಡೂ ಕಾಲಿನ, ಸೊಂಟದ ಶಕ್ತಿ ಹೋಗಿತ್ತು. ಬಾಯಿಯ ಶಕ್ತಿ ಮಾತ್ರ ಮೂರು ಮಕ್ಕಳಿಗಾಗುವಷ್ಟು ಉಳಿದಿತ್ತು. ತುಮಕೂರಿನ ಡಾಕ್ಟರು, ಒಂದು ವರ್ಷ ವಾರ ತಪ್ಪದೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಿದರೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ, ತಪ್ಪಿಸಿದರೆ ನಾನು ಏನೂ ಹೇಳಲಾರೆ ಎಂದಿದ್ದರು. ದಾರಿಯಲ್ಲಿ ಬೆನ್ನು ಬಾಗಬಾರದು, ತೊಡೆಯ ಮೇಲೆ ಮುದುರಿಸಿಕೊಂಡು ತರಬೇಡಿ ಎಂದೂ ಹೇಳಿದ್ದರು. ಅದಕ್ಕೆ ಅಂಜಿನಪ್ಪ ಬಡಗಿಯ ಕೈಲಿ ಬೇವಿನ ಮರದ ಪುಟ್ಟ ಕುರ್ಚಿ ಮಾಡಿಸಿದ್ದ. ಬೆನ್ನಿಗೆ ನೆಟ್ಟನೆಯ ಹಲಗೆ, ಎದೆಗೆ ಪಟ್ಟಿ, ನಾಲ್ಕು ಗಟ್ಟಿ ಕಾಲು. ಅದನ್ನು ಕಾರಿನ ಹಿಂದಿನ ಸೀಟಿನ ಮೇಲಿಟ್ಟು ಹಗ್ಗದಿಂದ ಬಿಗಿಯುತ್ತಿದ್ದ.

ಸಾಹುಕಾರರು ಪ್ರತಿ ಗುರುವಾರ ವ್ಯಾಪಾರಕ್ಕೆ ತುಮಕೂರಿಗೆ ಹೋಗುವರು. ಅವರು ಮುಂದೆ, ಪದ್ದಿ ಮತ್ತು ಅವಳ ತಾಯಿ ಹಿಂದೆ. ಕೆಟ್ಟವರೇನಲ್ಲ, ಕೇಳಿದ ಕೂಡಲೇ ಒಪ್ಪಿದ್ದರು. ಆದರೆ ಅವರಿಗೆ ಆ ಅಂಬಾಸಿಡರ್ ಎಂದರೆ ಪ್ರಾಣ. ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ ಮಗಳ ಮದುವೆ, ಹೆಣ್ಣು ಗಂಡು ಅದೇ ಕಾರಿನಲ್ಲಿ ಕೂರಬೇಕೆಂದು ಉಸ್ತಾದರ ಕೈಲೇ ಕೆನೆ ಬಣ್ಣದ ಹೊಸ ಸೀಟು ಹೊಲಿಸಿದ್ದರು. ಎರಡು ಗುರುವಾರ ಕಳೆಯುವಷ್ಟರಲ್ಲಿ ಆ ಸೀಟಿನ ಮೇಲೆ ಕುರ್ಚಿಯ ಕಾಲಿನ ನಾಲ್ಕು ಗುಳಿ.

"ಲಿಂಗಣ್ಣ, ನೀನೇ ಕಾಪಾಡ್ಬೇಕು" ಎಂದು ಅಂಜಿನಪ್ಪ ಬಂದು ನಿಂತ. "ಸಾವ್ಕಾರ್ರು ನೋಡ್ಬುಟ್ರು. ಮದ್ವೆ ದಿನ ಸೀಟ್ ಮ್ಯಾಲೆ ಒಂದ್ ಗುರ್ತು ಕಂಡ್ರೂ ಸರಿ, ಆವತ್ತಿಂದ ನಿನ್ನ ಮಗು ಬಸ್ಸಲ್ಲಿ ಅಂದವ್ರೆ. ಆ ಬಸ್ಸಲ್ಲಿ ನಾನೇ ನಿಲ್ಲಕ್ ಜಾಗ ಇರಲ್ಲ, ಕುರ್ಚಿ ಎಲ್ಲಿ ಇಡ್ಲಿ?"

ಅವನ ಕಣ್ಣು ತುಂಬಿತ್ತು. ಕಾರಿನೊಳಗಿಂದ ಪದ್ದಿ ಕೂಗಿದಳು. "ಅಪ್ಪಾ, ಅಳಬ್ಯಾಡ! ಮಾಮ ಹೊಲೀತಾನೆ ಬುಡು. ದಬ್ಬಳ ಎಷ್ಟುದ್ದ ಐತೆ ನೋಡು!"

ಸೀಟು ಬಿಚ್ಚಿ ನಾರು ಬಿಡಿಸಿ ಗುಳಿ ಎತ್ತಿಸಿದೆ. ಆಮೇಲೆ ಕುರ್ಚಿಯ ಅಡಿಗೆ ಒಂದು ದಪ್ಪ ಮೆತ್ತೆ ಹೊಲಿದೆ. ಒಳಗೆ ನಾರು, ಹತ್ತಿ, ಹೊರಗೆ ಎರಡೂ ಮುಖಕ್ಕೆ ಮರೂನ್ ಬಣ್ಣದ ರೆಕ್ಸಿನ್. ಕೆನೆ ಬಣ್ಣದ ಮೇಲೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಅಂಜಿನಪ್ಪ ಕೈಮುಗಿದ. ನಾನೂ ಒಳಗೊಳಗೇ ನನಗೇ ಕೈಮುಗಿದುಕೊಂಡೆ.

ಪಾವಗಡದ ಬೇಸಿಗೆ ನಿಮಗೆ ಗೊತ್ತಲ್ಲ. ಮಿಲ್ಲಿನ ಅಂಗಳದಲ್ಲಿ ಕಾರು ದಿನವಿಡೀ ಬೆಂದಿದೆ. ಐದನೇ ಗುರುವಾರ ಮೆತ್ತೆ ತೆಗೆಯಲು ಹೋದರೆ ಬರಲಿಲ್ಲ, ಎಳೆದರೆ ಚರ್ ಎಂದು ಎದ್ದು ಬಂತು. ಮರೂನ್ ಬಣ್ಣವೆಲ್ಲ ಕೆನೆ ಸೀಟಿಗೆ ಇಳಿದಿತ್ತು. ಸಾಹುಕಾರರು ನನ್ನನ್ನು ಪಾವಗಡಕ್ಕೇ ಕರೆಸಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಏಮಪ್ಪಾ ಲಿಂಗಣ್ಣ, ಸೀಟಿಗೆ ಕುಂಕುಮ ಇಟ್ಟಿದ್ದೀಯಲ್ಲ, ಮದ್ವೆ ನನ್ ಮಗಳಿಗೋ ಕಾರಿಗೋ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಭಾಗವನ್ನೆಲ್ಲ ನಾನೇ ಹೊಸದಾಗಿ ಹೊಲಿದುಕೊಡುತ್ತೇನೆ, ಇನ್ನೊಂದು ಅವಕಾಶ ಕೊಡಿ ಎಂದು ಬೇಡಿಕೊಂಡೆ. ಅವರು ಅಪ್ಪನ ಜೊತೆ ಬಂದಿದ್ದ ಪದ್ದಿಯ ಕಡೆ ನೋಡಿದರು. ಪದ್ದಿ ಕುರ್ಚಿಯಲ್ಲಿ ಕೂತು, "ತಾತ, ಈ ಮಾಮಂಗೆ ಗೊತ್ತಾಗಲ್ಲ ಪಾಪ. ಇನ್ನೊಂದ್ ಸಲ ಹೇಳ್ಕೊಡಿ" ಎಂದಳು. ಸಾಹುಕಾರರಿಗೆ ನಗು ಬಂದುಬಿಟ್ಟಿತು. "ಸರೇ, ಮದ್ವೆಗಂಟ ಟೈಮು. ಆಮೇಲೆ ನನ್ನೇನೂ ಕೇಳ್ಬೇಡಿ" ಎಂದರು.

ಶಿರಾಕ್ಕೆ ಓಡಿದೆ. ಉಸ್ತಾದರು ಆ ಮೆತ್ತೆಯನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡರು. "ರೆಕ್ಸಿನ್ ಮೇಲೆ ರೆಕ್ಸಿನ್ ಇಟ್ಟು ಬಿಸಿಲಲ್ಲಿ ಬಿಟ್ರೆ ಎರಡಕ್ಕೂ ನಿಕಾ ಆಗೋಗ್ತದೆ ಬೇಟಾ. ಆಮೇಲೆ ಬಿಡಿಸೋಕೆ ನೀನ್ಯಾರು? ಉಸಿರಾಡೋ ಬಟ್ಟೆ ಹಾಕು. ಬಿಸಿ ಕುಡೀಬೇಕು, ಜಾರಬಾರದು, ಅಂಟಬಾರದು."

ಅವರು ಮಾತು ಮುಗಿಸುವ ಮೊದಲೇ ನನಗೆ ಹೊಳೆದದ್ದು ಕಂಬಳಿ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಉಸ್ತಾದರೂ ನನ್ನ ಮುಖ ನೋಡಿ ಸುಮ್ಮನೆ ಮೀಸೆಯಲ್ಲೇ ನಕ್ಕರು.

ಇಲ್ಲಿ ನೋಡಿ ನನ್ನ ಬುದ್ಧಿ. ಎರಡು ಹರದಾರಿಯಲ್ಲಿ ನಮ್ಮ ಮನೆ, ಮನೆಯಲ್ಲಿ ಅವ್ವ. ಅಲ್ಲಿಗೆ ಹೋಗಿ ಕೇಳಿದರೆ, ಇಷ್ಟು ವರ್ಷ ಕಂಬಳಿ ಕಂಡರೆ ಮೂಗು ಮುರಿಯುತ್ತಿದ್ದವನು ಈಗ ಬಂದೆಯಾ ಎಂದುಬಿಟ್ಟಾಳು ಎಂದು, ಶಿರಾ ಸಂತೆಯಲ್ಲಿ ಗುರುತಿಲ್ಲದವರ ಹತ್ತಿರ ಹೊಚ್ಚ ಹೊಸ ಕಂಬಳಿ ಕೊಂಡೆ. ಹಲಗೆಯ ಹಾಗೆ ಸೆಟೆದು ನಿಂತಿತ್ತು. ಇಷ್ಟು ಗಟ್ಟಿ ಇದ್ದರೆ ಕುರ್ಚಿಯ ಕಾಲೇನು, ಆನೆ ಕಾಲೂ ಇಳಿಯದು ಎಂದು ಖುಷಿಪಟ್ಟು, ಬಣ್ಣ ಇಳಿದ ಭಾಗಕ್ಕೆ ಹೊಸ ರೆಕ್ಸಿನ್ ಹೊಲಿದುಕೊಟ್ಟು, ಅದರ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು ಹಾಸಿದೆ.

ಮೂರು ಗುರುವಾರ ಸೊಗಸಾಗಿ ಹೋಯಿತು. ನಾಲ್ಕನೆಯ ಗುರುವಾರ ಸಂಜೆ, ತುಮಕೂರಿನಿಂದ ವಾಪಸ್ ಬರುವಾಗ ಸಾಹುಕಾರರು ಮಧುಗಿರಿಯಲ್ಲಿ ನೆಂಟರ ಮನೆಗೆ ಕಾಫಿಗೆಂದು ಇಳಿದರು. ಅಂಜಿನಪ್ಪ ಕಾರನ್ನು ಸೀದಾ ನನ್ನ ಅಂಗಡಿಗೆ ಓಡಿಸಿಕೊಂಡು ಬಂದ. ಬೆಳಿಗ್ಗೆ ಹೋಗುವಾಗ ಕುಡಿಯುವ ನೀರು ಕುರ್ಚಿಯ ಅಡಿಗೆ ಚೆಲ್ಲಿತ್ತಂತೆ, ತುಮಕೂರಿನಲ್ಲಿ ಹಗಲೆಲ್ಲ ಕಾರು ಬಿಸಿಲಲ್ಲಿ ನಿಂತಿತ್ತಂತೆ. ಈಗ ಕುರ್ಚಿ ಎತ್ತಿದರೆ ಕಂಬಳಿ ಏಳುವುದಿಲ್ಲ. ಸೀಟಿಗೂ ಕಂಬಳಿಗೂ ನಡುವೆ ಕಂದು ಬಣ್ಣದ ಅಂಟು.

"ನಾನು ಉಚ್ಚೆ ಹುಯ್ದಿಲ್ಲ ಮಾಮ, ದೇವ್ರಾಣೆ. ನೀರು ಚೆಲ್ಲಿದ್ದು" ಎಂದು ಪದ್ದಿ ತಾಯಿಯ ಸೊಂಟದಿಂದಲೇ ಹತ್ತು ಸಲ ಹೇಳಿದಳು. ಅವಳಿಗೆ ಅದೇ ದೊಡ್ಡ ಮಾನದ ಪ್ರಶ್ನೆ.

ನಾನು ಅಂಟನ್ನು ಬೆರಳಲ್ಲಿ ತೆಗೆದು ಮೂಸಿದೆ. ಹುಣಸೆ ಬೀಜ! ಹೊಸ ಕಂಬಳಿಗೆ ನೂಲು ಗಟ್ಟಿಯಾಗಲೆಂದು ಹುಣಸೆ ಬೀಜ ಬೇಯಿಸಿ ಅರೆದ ಸರಿ ಬಳಿದಿರುತ್ತಾರೆ. ಅದಕ್ಕೇ ಅದು ಅಷ್ಟು ಸೆಟೆದು ನಿಲ್ಲುವುದು. ನಮ್ಮ ಮನೆಯ ಒಲೆಯ ಮೇಲೆ ದಿನವೂ ಕುದಿಯುತ್ತಿದ್ದ ಆ ಸರಿಯನ್ನು, ನಾನೇ ಎಷ್ಟೋ ಸಲ ಕೈಯಾಡಿಸಿದ್ದನ್ನು, ಮರೆಯಬೇಕೆಂದು ಹಟ ಹಿಡಿದು ಮರೆತಿದ್ದೆ. ಬೇರೆ ಯಾವನೇ ಆಗಿದ್ದರೂ ತಿಳಿಯದೆ ಮಾಡಿದ ತಪ್ಪು ಎನ್ನಬಹುದಿತ್ತು. ನನ್ನದು ತಿಳಿದವನ ತಪ್ಪು.

ಒಂದು ಸಮಾಧಾನವೆಂದರೆ, ಆ ಅಂಟು ಬಿಸಿನೀರಿಗೆ ಬಿಡುತ್ತದೆ. ಟೀ ಅಂಗಡಿಯ ಕುದಿಯುವ ನೀರನ್ನೆಲ್ಲ ಹೊತ್ತು ತಂದೆವು. ನಾನು ಒಂದು ಕಡೆ, ಅಂಜಿನಪ್ಪ ಒಂದು ಕಡೆ, ಟೀ ಅಂಗಡಿಯವನು ನಡುವೆ. ಸಾಹುಕಾರರು ಒಂದು ಲೋಟ ಕಾಫಿ ಕುಡಿಯುವ ಹೊತ್ತಿನಲ್ಲಿ ಸೀಟು ತೊಳೆಯಬೇಕು. ನೆಂಟರು ಕಾಫಿಯ ಜೊತೆ ಉಪ್ಪಿಟ್ಟೂ ಕೊಡಲಿ ಎಂದು ನಾನು ಬೇಡದ ದೇವರಿಲ್ಲ. ಅಂಟೆಲ್ಲ ಬಿಟ್ಟು, ಕಂಬಳಿಯನ್ನು ಅಂಗಡಿಯ ಹಿಂದಕ್ಕೆ ಎಸೆದು, ಕುರ್ಚಿ ಕಟ್ಟಿ ಪದ್ದಿಯನ್ನು ಕೂರಿಸುವುದಕ್ಕೂ ಸಾಹುಕಾರರು ನಡೆದುಕೊಂಡು ಬರುವುದಕ್ಕೂ ಸರಿಯಾಯಿತು. ಅವರು ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೈ ಇಟ್ಟರು.

"ಇದ್ಯಾಕಪ್ಪಾ, ಸೀಟೆಲ್ಲ ಒದ್ದೆ?"

ಅಂಜಿನಪ್ಪ ನನ್ನ ಕಡೆ ನೋಡಿದ. ನಾನು ಟೀ ಅಂಗಡಿಯವನ ಕಡೆ ನೋಡಿದೆ. ಆಗ ಪದ್ದಿ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ನಾನೇ ತಾತ. ಉಚ್ಚೆ ಹುಯ್ಕೊಂಡ್ಬುಟ್ಟೆ" ಎಂದಳು.

ಸಾಹುಕಾರರು ಕೈಯನ್ನು ಸರಕ್ಕನೆ ಹಿಂದಕ್ಕೆ ತೆಗೆದರು. ಆದರೆ ಮುಖ ಮೆತ್ತಗಾಗಿತ್ತು. "ಪರ್ವಾಗಿಲ್ಲ ಬುಡಮ್ಮ, ಮಕ್ಕಳಲ್ವಾ. ಲಿಂಗಣ್ಣ, ಒಂದ್ ಚೊಂಬು ನೀರ್ ಕೊಡು, ಕೈ ತೊಳೀತೀನಿ" ಎಂದರು. ಕಾರು ಹೊರಟಾಗ ಪದ್ದಿ ಹಿಂದಿನ ಕಿಟಕಿಯಿಂದ ನನ್ನ ಕಡೆ ನೋಡಿದ ನೋಟವನ್ನು ನಾನು ಯಾವತ್ತೂ ಮರೆಯುವುದಿಲ್ಲ. ನಾಲ್ಕು ವರ್ಷದ ಕೂಸು ನನಗೋಸ್ಕರ ತನ್ನ ಮಾನ ಒತ್ತೆಯಿಟ್ಟಿತ್ತು. ನನಗೋ, ನಾನು ಕಂಬಳಿಯವರ ಮನೆಯವನೆಂದು ಹೇಳಿಕೊಳ್ಳುವಷ್ಟೂ ಧೈರ್ಯವಿರಲಿಲ್ಲ. ಅವತ್ತು ನಿಜವಾಗಿ ನಾಚಿಕೆಯಾಯಿತು.

ಮಾರನೇ ದಿನವೇ ಊರಿಗೆ ಹೋದೆ. ಅವ್ವ ಜಗಲಿಯ ಮೇಲೆ ಹೆಗಲಿಗೆ ಹಳೇ ಕಂಬಳಿ ಹಾಕಿಕೊಂಡು ಕೂತು ನೂಲುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕದಿರು ಕೆಳಗಿಟ್ಟು ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವ ತನಕ ನಿಲ್ಲಿಸಲಿಲ್ಲ.

"ನೆನೆಸ್ದೆ ಒಗೀದೆ ಹೊಸ ಕಂಬ್ಳಿ ಹಾಕ್ದ್ಯಾ? ಲೇ, ಇದೇ ಮನೇಲಿ ಹುಟ್ದೋನೇನ್ಲಾ ನೀನು? ಕಂಬ್ಳಿ ನೆನೀಬೇಕು, ಒಗೀಬೇಕು, ಮೈಮ್ಯಾಲೆ ಹೊದ್ದು ಹಳೇದಾಗ್ಬೇಕು. ಆಮ್ಯಾಕೆ ಅದು ಕಂಬ್ಳಿ. ಅಲ್ಲೀಗಂಟ ಬರೀ ಅಂಟು ಕಣ್ಲಾ."

"ಹಂಗಾರೆ ಹಳೇದು ಒಂದು ಕೊಡವ್ವ."

ಅವಳು ಎದ್ದು ಒಳಗೆ ಹೋಗಲಿಲ್ಲ. ತನ್ನ ಹೆಗಲ ಮೇಲಿದ್ದದ್ದನ್ನೇ ತೆಗೆದು ಕೊಡವಿ ನನ್ನ ಕೈಗಿಟ್ಟಳು. "ಇದು ಎಷ್ಟೋ ಮಳೆ ಕಂಡೈತೆ. ಇದ್ರಲ್ಲಿ ಸರೀನೂ ಇಲ್ಲ, ಸೆಡವೂ ಇಲ್ಲ. ಆ ಮಗೀಗೆ ಹಾಕು." ಮತ್ತೆ ಕದಿರು ಕೈಗೆತ್ತಿಕೊಂಡು, "ನಿನ್ನೂ ಇದ್ರಾಗೇ ಸುತ್ಕೊಂಡು ಎತ್ಕೊಂಡು ತಿರುಗ್ದೋಳು ನಾನು" ಎಂದಳು. ಆ ಕಂಬಳಿಯನ್ನು ಕಂಕುಳಲ್ಲಿ ಹಿಡಿದು ಶಿರಾ ಪೇಟೆಯ ನಡುವೆ ನಡೆದು ಹೋದೆ. ಉಸ್ತಾದರ ಅಂಗಡಿಗೆ ಹೋಗಿ, ನಮ್ಮವ್ವನದು ಎಂದು ಹೇಳಿಯೇ ತೋರಿಸಿದೆ. ಅವರು ಕಂಬಳಿಯ ಮೇಲೆ ಕೈಯಾಡಿಸಿ, "ನಿಮ್ಮ ದರ್ಜಿ ಮನೆಯೋರು ಒಳ್ಳೇ ಕೆಲಸ ಮಾಡ್ತಾರೆ ಬೇಟಾ" ಎಂದು ಗಂಭೀರವಾಗಿ ಹೇಳಿದರು.

ಈ ಸಲ ಅವಸರ ಮಾಡಲಿಲ್ಲ. ಈ ಕೆಲಸ ಮಾಡುವವರು ಇದೊಂದನ್ನು ಗಮನವಿಟ್ಟು ಓದಿ. ಕುರ್ಚಿಯ ನಾಲ್ಕು ಕಾಲಿಗೂ ಸೈಕಲ್ ಟ್ಯೂಬು ಸುತ್ತಿದೆ. ಕಾಲುಗಳ ಅಡಿಗೆ ಒಂದು ತೆಳು ಹಲಗೆ ಕೊಟ್ಟೆ, ಭಾರ ನಾಲ್ಕು ಕಡೆ ಚುಚ್ಚದೆ ಅಗಲಕ್ಕೆ ಹರಡಲಿ ಎಂದು. ಹಲಗೆಯ ಅಂಚನ್ನು ಉಜ್ಜಿ ದುಂಡಗೆ ಮಾಡಿದೆ. ಹಲಗೆಯ ಅಡಿಗೆ ಅವ್ವನ ಕಂಬಳಿ ಎರಡು ಮಡಿಕೆ. ಅದನ್ನು ಸೀಟಿನ ಬೆನ್ನಿನ ಮೇಲೂ ಹತ್ತಿಸಿದೆ, ಮುಂದೆ ಕೆಳಗೂ ಇಳಿಬಿಟ್ಟೆ, ಪದ್ದಿಯ ಕಾಲು ತಾಗುವುದು ಅಲ್ಲೇ. ಕೊನೆಗೆ ಅಂಜಿನಪ್ಪನಿಗೆ ಒಂದು ಆಣೆ ಹಾಕಿಸಿದೆ. ಪ್ರತಿ ಶುಕ್ರವಾರ ಎಲ್ಲ ತೆಗೆದು ಕೊಡವಿ, ಸೀಟು ಒರೆಸಿ, ಮತ್ತೆ ಹಾಸಬೇಕು. ಸೀಟನ್ನು ಹಾಳು ಮಾಡುವುದು ಮಗುವಿನ ಭಾರವಲ್ಲ, ಅಡಿಯಲ್ಲಿ ಸೇರಿಕೊಳ್ಳುವ ಮರಳು, ಕಡಲೆಕಾಯಿ ಸಿಪ್ಪೆ. ಭಾರ ಬಿದ್ದಾಗ ಅದೇ ಮರ ಉಜ್ಜುವ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ಉಸ್ತಾದರ ಪಾಠ ನೆನಪಾಗಿ, ಕಾರಿನ ಹಿಂದೆ ಪದ್ದಿಯ ಜೊತೆ ನಾನೂ ಕೂತು ಕೊರಟಗೆರೆ ತನಕ ಹೋಗಿ ಬಂದೆ. ದಾರಿಯುದ್ದಕ್ಕೂ ಅಂಜಿನಪ್ಪ ಬೇಕೆಂದೇ ಬ್ರೇಕ್ ಒತ್ತಿದ. ಕುರ್ಚಿ ಅಲುಗಲಿಲ್ಲ, ಪದ್ದಿ ಮಾತ್ರ "ಇನ್ನೊಂದ್ ಸಲ, ಅಪ್ಪಾ, ಇನ್ನೊಂದ್ ಸಲ" ಎಂದು ಕಿರುಚುತ್ತಿದ್ದಳು.

ಸುಗ್ಗಿ ಮುಗಿಯಿತು. ಮದುವೆಯ ದಿನ ಬೆಳಿಗ್ಗೆ ಸಾಹುಕಾರರು ನನ್ನನ್ನು ಪಾವಗಡಕ್ಕೆ ಕರೆಸಿದ್ದರು. ಮಿಲ್ಲಿನ ಅಂಗಳದಲ್ಲಿ ಕಾರಿಗೆ ಹೂವು ಕಟ್ಟುತ್ತಿದ್ದರು. ಅವರ ಕಣ್ಣೆದುರಿಗೇ ಕುರ್ಚಿ ಬಿಚ್ಚಿ, ಹಲಗೆ ತೆಗೆದು, ಕಂಬಳಿ ಎತ್ತಿದೆ. ಅಂಜಿನಪ್ಪ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಪದ್ದಿ ಜರಿ ಲಂಗ ಹಾಕಿಕೊಂಡು ಅಂಗಳದಲ್ಲಿ ಅದೇ ಕುರ್ಚಿಯ ಮೇಲೆ ಕೂತಿದ್ದಳು.

ಸಾಹುಕಾರರು ಕನ್ನಡಕ ಏರಿಸಿ ಬಗ್ಗಿದರು. ಅಂಗೈಯಿಂದ ಸವರಿದರು. ತಲೆ ಓರೆ ಮಾಡಿ ಬೆಳಕಿಗೆ ನೋಡಿದರು. ಎದ್ದು ಆ ಕಡೆ ಬಾಗಿಲಿನಿಂದ ನೋಡಿದರು.

"ಕುರ್ಚಿ ಕಾಲು ಎಲ್ಲಿತ್ತು ಹೇಳಿ ತಾತ, ನೋಡಾಣ?" ಎಂದಳು ಪದ್ದಿ.

ಅವರು ಬೆರಳಿಟ್ಟು, "ಇಲ್ಲಿ" ಎಂದರು.

"ಅಲ್ಲ!"

"ಇಲ್ಲಿ?"

"ಅಲ್ಲೂ ಅಲ್ಲ!"

ಮೂರನೇ ಸಲವೂ ತಪ್ಪಿತು. ನಾಲ್ಕನೇ ಸಲ ಬೆರಳಿಡಲು ಹೋಗಿ ಅವರೇ ಗಟ್ಟಿಯಾಗಿ ನಕ್ಕುಬಿಟ್ಟರು. "ಭಲೇ ಪಿಲ್ಲ ಇದು! ಅಂಜಿನಪ್ಪಾ, ಕಣ್ ಬಿಡೋ. ಮದ್ವೆ ಮನೆ ಅಂತ ಈ ಗುರುವಾರ ತಪ್ಪಿಸ್ಬೇಡ. ನಾನ್ ಬರ್ದಿದ್ರೂ ಕಾರು ಹೋಗ್ಲಿ."

ಅಂಜಿನಪ್ಪ ಕಣ್ಣು ಬಿಟ್ಟವನೇ 'ಹೋ' ಎಂದು ಅತ್ತುಬಿಟ್ಟ. ನಾನೂ ಅತ್ತೆ, ಹೇಳಿಕೊಳ್ಳಲು ಏನು ನಾಚಿಕೆ? ಹೂ ಕಟ್ಟುತ್ತಿದ್ದವರು ಇವರಿಗೇನಾಯಿತು ಎಂದು ನೋಡುತ್ತಿದ್ದರು. ಅವತ್ತು ಹೋಳಿಗೆ ಊಟ ಮಾಡಿದಷ್ಟು ಖುಷಿಯಾಗಿ ನಾನು ನನ್ನ ಮದುವೆಯಲ್ಲೂ ಮಾಡಿರಲಿಲ್ಲ.

ಆಮೇಲೆ ಎಂಬತ್ತರ ದಶಕದಲ್ಲಿ ನಾರು ಹೋಗಿ ಫೋಮ್ ಬಂತು. ಕೆಲಸ ಸಲೀಸಾಯಿತು, ಕೈಗೆ ನಾರು ಚುಚ್ಚುವುದು ತಪ್ಪಿತು. ಫೋಮ್ ನೋಡಿ ಉಸ್ತಾದರು, "ಇದು ಕೂತೋರಿಗೆ ಸುಳ್ಳು ಹೇಳ್ತದೆ, ಮೊದಲ ದಿನ ಸುಖ, ಆಮೇಲೆ ಗುಳಿ" ಎಂದಿದ್ದರು. ಅವರ ಮಾತು ಅರ್ಧ ನಿಜವಾಯಿತು, ಅರ್ಧ ಆಗಲಿಲ್ಲ. ಒಳ್ಳೆಯ ಫೋಮೂ ಬಂತು. ನಾನು ಬದಲಾದೆ. ಆದರೆ ಯಾರಾದರೂ ಮಗುವಿಗೆಂದು ಕುರ್ಚಿ, ತೊಟ್ಟಿಲು, ಏನೇ ಕಾರಿನಲ್ಲಿ ಇಡುತ್ತೇವೆಂದು ಬಂದರೆ, ಅಡಿಗೆ ಒಗೆದು ಒಗೆದು ಹಳೆಯದಾದ ಕಂಬಳಿಯೇ. ಯಾವ ಮನೆಯದು ಎಂದು ಕೇಳಿದರೆ, ನಮ್ಮ ಮನೆಯದು ಎನ್ನುತ್ತಿದ್ದೆ.

ಆ ಮದುವೆಯಾಗಿ ಕೆಲವು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿದ್ದೆ. ಹೊರಗೆ ಟಕ್, ಟಕ್ ಎಂದು ಕಬ್ಬಿಣದ ಸದ್ದು ನಿಧಾನವಾಗಿ ಹತ್ತಿರ ಬಂತು. ತಲೆ ಎತ್ತಿದರೆ ಯೂನಿಫಾರಂ ಹಾಕಿದ, ಎರಡು ಜಡೆಯ ಹುಡುಗಿ. ಎರಡೂ ಕಾಲಿಗೆ ಪಟ್ಟಿ. ಕಾರು ದೂರದಲ್ಲಿ ನಿಂತಿತ್ತು. ಅಂಜಿನಪ್ಪ ಅದರ ಬಾಗಿಲ ಹತ್ತಿರ ಕೈಕಟ್ಟಿ ನಿಂತು, ಎತ್ತಿಕೊಳ್ಳಲು ಬರದಂತೆ ತನ್ನನ್ನು ತಾನೇ ಹಿಡಿದುಕೊಂಡಿದ್ದ.

"ಮಾಮ, ಕುರ್ಚಿ ನಂಗೆ ಚಿಕ್ಕದಾಯ್ತು. ಈಗ ನಾನು ಸೀಟ್ ಮ್ಯಾಲೇ ಕೂರ್ತೀನಿ. ತಗಳ್ಳಿ ನಿಮ್ಮ ಅವ್ವನ ಕಂಬ್ಳಿ" ಎಂದು, ಒಗೆದು ಮಡಿಸಿದ ಗಂಟನ್ನು ನನ್ನ ಮುಂದಿಟ್ಟಳು.

ಅದನ್ನು ತೆಗೆದುಕೊಂಡು ಅವತ್ತೇ ಊರಿಗೆ ಹೋದೆ. ಅವ್ವನಿಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಪದ್ದಿ ತಾನೇ ನಡೆದು ಬಂದು ಕೊಟ್ಟಳೆಂದು ಹೇಳಿದೆ. ಅವಳು ಕಂಬಳಿಯನ್ನು ಬಿಡಿಸಿ ತೊಡೆಯ ಮೇಲೆ ಹರಡಿಕೊಂಡು ಬೆರಳಲ್ಲಿ ಇಷ್ಟಿಷ್ಟೇ ಸವರಿದಳು. ಒಂದು ಕಡೆ ಬೆರಳು ನಿಂತಿತು. ಹಲಗೆಯ ನಾಲ್ಕು ಮೂಲೆಗಳು ಒತ್ತಿ ಒತ್ತಿ ಉಣ್ಣೆ ತೆಳ್ಳಗಾಗಿತ್ತು. ಸಾಹುಕಾರರು ಸೀಟಿನ ಮೇಲೆ ಎಷ್ಟು ಹುಡುಕಿದರೂ ಸಿಗದ ಗುರುತೆಲ್ಲ ಇಲ್ಲಿತ್ತು. ಅವ್ವ ಆ ನಾಲ್ಕೂ ಗುರುತಿನ ಮೇಲೆ ಒಂದೊಂದಾಗಿ ಬೆರಳಿಟ್ಟಳು, ಒಂದೂ ತಪ್ಪಲಿಲ್ಲ. ಆಮೇಲೆ ಕಂಬಳಿಯನ್ನು ಎಳೆದು ನೋಡಿ, ಮಡಿಸಿ, ನನಗೇ ವಾಪಸ್ ಕೊಟ್ಟಳು.

"ಇನ್ನೂ ಗಟ್ಟಿ ಐತೆ ಕಣ್ಲಾ. ಇನ್ನೊಂದ್ ಮಗೀಗೆ ಆಯ್ತದೆ, ತಗಂಡೋಗು."